ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಜೊತೆ ಬ್ರೇಕು, ಕ್ಲಚ್ಚು ಇರುತ್ತವೆ. ಒಂದು ಜೊತೆ ಕಲಿಯುವವರ ಕಾಲಡಿ, ಇನ್ನೊಂದು ಜೊತೆ ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಕಲಿಯುವವರು ಒತ್ತುವುದನ್ನು ಮರೆತರೆ ಕಲಿಸುವವರು ಒತ್ತುತ್ತಾರೆ, ರಸ್ತೆಯಲ್ಲಿ ಹೋಗುವವರ ಪ್ರಾಣ ಉಳಿಯುತ್ತದೆ. ನಮ್ಮ ಕಥೆಯ ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಆ ಎರಡನೇ ಬ್ರೇಕನ್ನು ಒತ್ತಿಕೊಂಡೇ ಸಂಸಾರ ಸಾಕಿದವರು. ಬೀದಿಯವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ಇಷ್ಟು ವರ್ಷ ಒತ್ತಿ ಒತ್ತಿ ಮೇಷ್ಟ್ರ ಕಾಲು ಮೇಷ್ಟ್ರ ಮಾತು ಕೇಳುವುದನ್ನೇ ಬಿಟ್ಟಿತ್ತು. ಟೀವಿಯಲ್ಲಿ ಕಾರೊಂದು ಜೋರಾಗಿ ಬಂದರೆ ಸೋಫಾದ ಮುಂದಿನ ನೆಲವನ್ನು ಒತ್ತುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಬಂದರೆ ಅಡುಗೆಮನೆ ಬಾಗಿಲಲ್ಲಿ ನಿಂತು ಬಲಗಾಲು ಒತ್ತುತ್ತಿದ್ದರೇ ಹೊರತು ಕೈ ಚಾಚಿ ಒಲೆ ಆರಿಸುತ್ತಿರಲಿಲ್ಲ. ಹಾಲು ಅದರ ಪಾಡಿಗೆ ಉಕ್ಕಿ ಹೋಗುತ್ತಿತ್ತು. ಹೆಂಡತಿ ಬೈದರೆ, "ನಾನೆಲ್ಲಿ ಒತ್ತಿದೆ?" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಅವರಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಮೇಷ್ಟ್ರಿಗೆ ಒಬ್ಬಳೇ ಮಗಳು. ಮನೆಯವರ ಬಾಯಲ್ಲಿ ಗುಬ್ಬಿ. ಬರುವ ಶುಕ್ರವಾರಕ್ಕೆ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಗುಬ್ಬಿ ಬೆಳೆದದ್ದೇ ಆ ಕಾರಿನ ಹಿಂದಿನ ಸೀಟಿನಲ್ಲಿ. ಹೆಂಗಸರು ಕಲಿಯಲು ಬಂದಾಗ ಕಾರಿನಲ್ಲಿ ಇನ್ನೊಂದು ಹೆಣ್ಣುಜೀವ ಇದ್ದರೆ ಅವರಿಗೆ ಧೈರ್ಯ ಎಂದು ಮೇಷ್ಟ್ರು ಮಾಡಿಕೊಂಡ ಪದ್ಧತಿ ಅದು. ಹತ್ತನೇ ವಯಸ್ಸಿನಿಂದ ದಿನವೂ ಶಾಲೆ ಬಿಟ್ಟ ಕೂಡಲೇ ಹಿಂದಿನ ಸೀಟಿನ ನಟ್ಟನಡುವೆ ಕೂತು, ಮುಂದಿನ ಎರಡು ಸೀಟಿನ ಸಂದಿಯಿಂದ ಅವಳು ಲೋಕ ನೋಡಿದ್ದಳು. ಎಷ್ಟು ಜನರ ಕತ್ತಿನ ಹಿಂಭಾಗ ನೋಡಿದ್ದಳೆಂದರೆ, ಕತ್ತು ಬಿಗಿಯಾದ ರೀತಿಯಲ್ಲೇ ಇವರು ಈಗ ಕ್ಲಚ್ಚನ್ನು ದಡಕ್ಕನೆ ಬಿಡುತ್ತಾರೆ ಎಂದು ಹೇಳಿಬಿಡುತ್ತಿದ್ದಳು.

"ಆಂಟಿ, ಮೊದಲು ಉಸಿರು ಬಿಡಿ. ಆಮೇಲೆ ಕ್ಲಚ್ ಬಿಡಿ," ಎಂದು ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದಳು.

ಆಂಟಿ ಉಸಿರು ಬಿಡುತ್ತಿದ್ದರು, ಕಾರು ಸಲೀಸಾಗಿ ಹೊರಡುತ್ತಿತ್ತು. "ನಾನು ಒಂದು ವಾರದಿಂದ ಹೇಳಿದ್ದು ಈಗ ತಲೆಗೆ ಹೋಯ್ತು ನೋಡಿ," ಎಂದು ಮೇಷ್ಟ್ರು ಮೀಸೆ ತಿರುವುತ್ತಿದ್ದರು. ಕಲಿಯಲು ಬಂದವರು ಮಾತ್ರ ಆಫೀಸಿನ ಕೌಂಟರಿನಲ್ಲಿ, "ಇವತ್ತು ಹಿಂದಿನ ಸೀಟಿನ ಮೇಡಂ ಬರ್ತಾರಾ?" ಎಂದು ಕೇಳಿಕೊಂಡೇ ಕಾರು ಹತ್ತುತ್ತಿದ್ದರು. ಕೌಂಟರಿನಲ್ಲಿ ಕೂತು ಎಲ್ಲರ ಅರ್ಜಿ ತುಂಬಿಕೊಡುತ್ತಿದ್ದ ಗುಬ್ಬಿಯ ಅಮ್ಮ ಅದನ್ನು ಕೇಳಿಸಿಕೊಂಡು ಮುಂದಿನ ಅರ್ಜಿಗೆ ಕೈ ಹಾಕುತ್ತಿದ್ದರು. ಇದೂ ಒಂದು ವಿದ್ಯೆ ಎಂದು ಯಾರಿಗೂ ಹೊಳೆದಿರಲಿಲ್ಲ. ಗುಬ್ಬಿಗಂತೂ ಮೊದಲೇ ಇಲ್ಲ.

ಇಷ್ಟಾದರೂ ಅವಳು ಒಂದು ದಿನವೂ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಹದಿನೆಂಟು ತುಂಬುವವರೆಗೆ ಖಾಲಿ ಮೈದಾನದಲ್ಲೂ ಕೂಡದು ಎಂದು ಮೇಷ್ಟ್ರ ಕಟ್ಟಪ್ಪಣೆ. ತಮಾಷೆ ನೋಡಿ, ಹದಿನೆಂಟು ತುಂಬದೆ ಕಾರಿನ ಹತ್ತಿರ ಬಿಡದ ಮೇಷ್ಟ್ರು, ತುಂಬಿದ ಮೂರನೇ ದಿನ ಮದುವೆಗೆ ಒಪ್ಪಿಗೆ ಕೊಟ್ಟು ಬರಲು ತಯಾರಾಗಿದ್ದರು. ಅವರ ಕಾರಿನ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ‘ನಿಧಾನವೇ ಪ್ರಧಾನ’ ಎಂದು ಬರೆದಿತ್ತು. ಬೆನ್ನಿನ ಮೇಲೆ ಬರೆದದ್ದು ಒಳಗೆ ಕೂತವರಿಗೆ ಎಲ್ಲಿ ಕಾಣಿಸಬೇಕು.

ಆದರೆ ಎಲ್ಲ ತಪ್ಪನ್ನೂ ಮೇಷ್ಟ್ರ ತಲೆಗೆ ಕಟ್ಟಿದರೆ ಅವರ ಅಕ್ಕನಿಗೆ ಅನ್ಯಾಯವಾದೀತು. ಮೂರು ಬೀದಿ ಆಚೆ ಇದ್ದ ಈ ಸೋದರತ್ತೆ ಅಲ್ಲಿಯವರೆಗೆ ಹನ್ನೊಂದು ಮದುವೆ ಕುದುರಿಸಿದ್ದರು. ಒಂದು ಡಜನ್ ಪೂರ್ತಿ ಮಾಡಿ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದು ಅವರ ಆಸೆ. ಆ ಹನ್ನೆರಡನೆಯದಕ್ಕೆ ಸೋದರಸೊಸೆಯೇ ಕೈಗೆ ಸಿಕ್ಕಿದಳು. ಪೇಟೆಯ ಕನ್ನಡಕದಂಗಡಿಯವರ ಮಗ, ಇಪ್ಪತ್ತೈದು ವಯಸ್ಸು, ಸ್ವಂತ ಮನೆ, ಮೇಲೊಂದು ಮಹಡಿ. ಅತ್ತೆ ಗುಬ್ಬಿಯ ವಿವರವನ್ನೆಲ್ಲ ಒಂದು ಹಾಳೆಯಲ್ಲಿ ಟೈಪು ಮಾಡಿಸಿ, ನೆನೆಯಬಾರದು ಎಂದು ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದರು. ಅದರಲ್ಲಿ ‘ಹವ್ಯಾಸ: ಅಡುಗೆ, ಹೊಲಿಗೆ, ಹಾಡುಗಾರಿಕೆ, ಹಿರಿಯರ ಸೇವೆ’ ಎಂದಿತ್ತು.

ಗುಬ್ಬಿ ಓದಿ ನೋಡಿದಳು. "ಅತ್ತೆ, ಇವಳು ಯಾರೋ ತುಂಬಾ ಒಳ್ಳೆ ಹುಡುಗಿ. ನಂಗೆ ಸಿಕ್ಕಿದ್ರೆ ನಾನೇ ಮದುವೆ ಆಗ್ತಿದ್ದೆ."

"ಬಾಯಿ ಮುಚ್ಚು. ಇರೋದನ್ನೇ ಬರೆದ್ರೆ ಯಾರ ಮದುವೇನೂ ಆಗಲ್ಲ."

"ನಾನು ಯಾವತ್ತು ಹಾಡಿದೀನಿ?"

"ಹಾಗಾದ್ರೆ ನಿನ್ನ ಹವ್ಯಾಸ ಏನು ಹೇಳು, ಅದನ್ನೇ ಬರೆಸ್ತೀನಿ."

ಗುಬ್ಬಿ ಯೋಚಿಸಿದಳು. ಏನೂ ತೋಚಲಿಲ್ಲ. ಅತ್ತೆ ಬಿಡಲಿಲ್ಲ. "ಬೇರೆ ಯಾರಾದ್ರೂ ಮನಸ್ಸಲ್ಲಿದ್ದಾರಾ?"

"ಇಲ್ಲ."

"ಮುಂದೆ ಓದ್ಬೇಕಾ?"

"ಓದ್ಬೇಕು. ಏನು ಓದ್ಬೇಕು ಅಂತ ಗೊತ್ತಿಲ್ಲ."

"ಕೆಲಸಕ್ಕೆ ಹೋಗ್ತೀಯಾ?"

"ಹೋಗ್ಬಹುದು. ಯಾವುದಕ್ಕೆ ಅಂತ..."

"ಗೊತ್ತಿಲ್ಲ," ಎಂದು ಅತ್ತೆಯೇ ಮುಗಿಸಿದರು. "ಗೊತ್ತಿಲ್ದೆ ಇರೋದನ್ನ ಕಾಯ್ತಾ ಕೂತ್ರೆ ಗೊತ್ತಿರೋದು ಕೈ ಬಿಟ್ಟು ಹೋಗುತ್ತೆ. ಹುಡುಗ ಕಣ್ಣೆದುರಿಗೆ ಇದ್ದಾನೆ. ನೀನು ಹುಡುಕ್ತಾ ಇರೋದು ಎಲ್ಲಿದೆ, ತೋರ್ಸು ನೋಡೋಣ."

ಗುಬ್ಬಿ ಹಾಳೆಯನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಅತ್ತೆಯ ಮಾತು ಸರಿ ಎನ್ನಿಸಿದ್ದೇ ಅವಳಿಗೆ ಸಿಟ್ಟು ತರಿಸಿತು.

ಭಾನುವಾರ ಕನ್ನಡಕದಂಗಡಿಯವನು ತಾಯಿಯ ಜೊತೆ ಬಂದ. ತಾಯಿ ಒಳಗೆ ಅತ್ತೆಯ ಜೊತೆ ಚಹಾ ಬಿಸ್ಕತ್ತಿನ ಮುಂದೆ ಕೂತರು. ಮೇಷ್ಟ್ರಿಗೆ ಬಿಸ್ಕತ್ತಿನ ಮಾತುಕತೆಯಲ್ಲಿ ನಂಬಿಕೆ ಇರಲಿಲ್ಲ. ಮನುಷ್ಯನ ಬುದ್ಧಿ ಬ್ರೇಕು ಹಾಕುವುದರಲ್ಲಿ ಗೊತ್ತಾಗುತ್ತದೆ ಎಂಬುದು ಅವರ ಸಿದ್ಧಾಂತ.

"ಕಾರ್ ಬರುತ್ತಾ?" ಎಂದು ಕೇಳಿದರು.

"ಲೈಸೆನ್ಸ್ ಇದೆ ಸಾರ್."

"ಅದು ಎಲ್ಲರ ಹತ್ರಾನೂ ಇರುತ್ತೆ. ಬನ್ನಿ, ಒಂದು ರೌಂಡ್ ಹೋಗಿ ಬರೋಣ."

ಗುಬ್ಬಿ ರೂಢಿಯಂತೆ ಹಿಂದಿನ ಸೀಟಿನ ನಡುವೆ ಹೋಗಿ ಕೂತಳು. ಯಾರೂ ಕರೆಯಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಅವನ ಕತ್ತು ನೋಡಿದಳು. ಕತ್ತು ಒಣಗಿದ ಕಟ್ಟಿಗೆಯ ಹಾಗೆ ಸೆಟೆದಿತ್ತು. ಅಯ್ಯೋ ಪಾಪ, ಇವನು ಬೀದಿಯ ತುದಿಯೂ ಮುಟ್ಟುವುದಿಲ್ಲ ಎಂದುಕೊಂಡಳು.

ಆದರೆ ಕಾರು ಹೂವೆತ್ತಿದ ಹಾಗೆ ಹೊರಟಿತು. ಸಿಗ್ನಲ್ಲಿನಲ್ಲಿ ಗೆರೆಯ ಮೇಲೆ ನಿಂತಿತು. ಬಸ್ಸಿಗೆ ದಾರಿ ಬಿಟ್ಟಿತು. ಮೇಷ್ಟ್ರು ಹಿಗ್ಗಿಹೋಗಿ, ದೂರದ ಗಾಜಿಗೂ ಹತ್ತಿರದ ಗಾಜಿಗೂ ಏನು ವ್ಯತ್ಯಾಸ ಎಂದು ಅಂಗಡಿಯ ವಿಚಾರ ಕೇಳತೊಡಗಿದರು. ಅವನು ಬೆವರು ಒರೆಸಿಕೊಳ್ಳುತ್ತ ಉತ್ತರ ಕೊಡುತ್ತಿದ್ದ. ಗುಬ್ಬಿಗೆ ಆಶ್ಚರ್ಯವಾಗಿ ಸೀಟಿನ ಸಂದಿಯಿಂದ ಕೆಳಗೆ ಬಗ್ಗಿ ನೋಡಿದಳು.

ಅಪ್ಪನ ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ ಭರ್ಜರಿಯಾಗಿ ದುಡಿಯುತ್ತಿದ್ದವು. ಒಂದು ಬೆರಳು ಸ್ಟಿಯರಿಂಗಿನ ಅಡಿಯಲ್ಲಿ ಕಾರನ್ನು ತಿರುಗಿಸುತ್ತಿತ್ತು. ಅಪ್ಪನ ಬಾಯಿ ಮಾತ್ರ ಕನ್ನಡಕದ ಬಗ್ಗೆ ಮಾತಾಡುತ್ತಿತ್ತು. ಅತ್ತ ಕಡೆ ಹುಡುಗನ ಬಲಗಾಲು ಆಕ್ಸಿಲರೇಟರಿನ ಮೇಲೆ ಹಾಗೇ ಕೂತಿತ್ತು, ಎಡಗಾಲು ಕ್ಲಚ್ಚಿನ ಪಕ್ಕದಲ್ಲಿ, ನೆಲದ ಮೇಲೆ, ಬಸ್ಸಿಗೆ ಕಾಯುವವರ ಕಾಲಿನ ಹಾಗೆ ಸುಮ್ಮನೆ ಇತ್ತು.

ಅಷ್ಟರಲ್ಲಿ ಒಂದು ನಾಯಿ ಅಡ್ಡ ಬಂತು. ಕಾರು ತಕ್ಷಣ ನಿಂತಿತು. ಹುಡುಗ ಕಿಟಕಿಯಿಂದ ತಲೆ ಹೊರಹಾಕಿ ನಾಯಿಗೆ, "ಸಾರಿ," ಎಂದ. ಆ ದಿನ ಆ ಕಾರಿನಲ್ಲಿ ಅವನು ಸ್ವಂತವಾಗಿ ಮಾಡಿದ ಕೆಲಸ ಅದೊಂದೇ. ಗುಬ್ಬಿಗೆ ಅದು ಇಷ್ಟವಾಗಿಬಿಟ್ಟಿತು.

ಮನೆಗೆ ಬಂದವರೇ ಮೇಷ್ಟ್ರು ಬಾಗಿಲಿನಿಂದಲೇ ಹೇಳಿದರು: "ಅಕ್ಕಾ, ಮುಗೀತು. ಇಂಥ ಡ್ರೈವಿಂಗ್ ನಾನು ಇಪ್ಪತ್ತಾರು ವರ್ಷದಲ್ಲಿ ನೋಡಿಲ್ಲ."

ನಿಜವೇ. ತನ್ನ ಡ್ರೈವಿಂಗನ್ನು ತಾನೇ ಯಾರು ತಾನೆ ನೋಡಿರುತ್ತಾರೆ. ಅತ್ತೆ ಕೂತಲ್ಲೇ ಮುಂದಿನ ಭಾನುವಾರ ಒಪ್ಪಿಗೆಯ ಮಾತು ಕೊಟ್ಟು ಬರುವುದೆಂದು ಗೊತ್ತು ಮಾಡಿದರು.

ಅವತ್ತು ಸಂಜೆ ಗುಬ್ಬಿ ಅಮ್ಮನ ಹಿಂದೆ ಅಡುಗೆಮನೆಗೆ ಹೋದಳು. "ಅಮ್ಮ, ಕಾರು ಓಡಿಸಿದ್ದು ಆ ಹುಡುಗ ಅಲ್ಲ. ಅಪ್ಪ."

"ಅಪ್ಪಂಗೆ ಹೇಳಿದ್ಯಾ?"

"ಹೇಳಿದ್ರೆ ನಂಬ್ತಾರಾ?"

"ಕಣ್ಣೆದುರಿಗೆ ಹಾಲು ಉಕ್ಕಿದ್ದೇ ನಂಬಲ್ಲ," ಎಂದು ಅಮ್ಮ ಪಾತ್ರೆ ಒರೆಸುತ್ತ ನಿಂತರು. ಒರೆಸಿದ ಪಾತ್ರೆ ಕವುಚಿಟ್ಟು ಕೇಳಿದರು: "ಹುಡುಗ ಬೇಡ್ವಾ ನಿಂಗೆ?"

ಅದೇ ತಾನೆ ಕಷ್ಟ. ಬೇಡ ಎನ್ನುವಂಥ ಹುಡುಗನಲ್ಲ. ಅವನ ಮನೆಯಲ್ಲಿ ಮಹಡಿ ಇತ್ತು, ಅವಳಿಗೇ ಒಂದು ಕೋಣೆ ಸಿಗುತ್ತಿತ್ತು, ಇಲ್ಲಿ ಅವಳು ಹಳೇ ಟಯರುಗಳ ಜೊತೆ ಮಲಗುತ್ತಿದ್ದಳು. ಪರೀಕ್ಷೆಗಳ ಕಾಟ ತಪ್ಪುತ್ತಿತ್ತು. ಅಪ್ಪ ಖುಷಿ, ಅತ್ತೆಯ ಡಜನ್ ಪೂರ್ತಿ. ತಕ್ಕಡಿಯ ಈ ಕಡೆ ಇಷ್ಟೆಲ್ಲ ಇತ್ತು. ಆ ಕಡೆ ಏನಿತ್ತು? ಏನೋ ಇತ್ತು, ಭಾರವಾಗಿಯೇ ಇತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ಒಂದು ಸಲ ಹೂಂ ಎಂದುಬಿಟ್ಟರೆ ಆ ಲ್ಯಾಮಿನೇಟ್ ಹಾಳೆಯ ಹುಡುಗಿಯಾಗಿಯೇ ಜೀವನ ಪೂರ್ತಿ ಹಾಡಬೇಕಾಗುತ್ತದಲ್ಲ ಎಂದು ಅವಳಿಗೆ ಭಯವಾಯಿತು. ಅಳು ಬಂದು ಟಯರಿನ ಮೇಲೆ ಕೂತು ಅತ್ತಳು.

ಮರುದಿನ ಅಮ್ಮ ಅವಳ ಮುಂದೆ ಲರ್ನರ್ಸ್ ಲೈಸೆನ್ಸಿನ ಅರ್ಜಿ ಇಟ್ಟರು. ಎಲ್ಲವನ್ನೂ ತಾವೇ ತುಂಬಿದ್ದರು. ಸಾವಿರಾರು ಜನರ ಅರ್ಜಿ ತುಂಬಿಕೊಟ್ಟ ಕೈ ಅದು. ತಮ್ಮದೊಂದನ್ನು ಮಾತ್ರ ಇವತ್ತಿಗೂ ತುಂಬಿರಲಿಲ್ಲ.

"ಸಹಿ ಮಾತ್ರ ನೀನೇ ಹಾಕ್ಬೇಕು. ಎಲ್ಲಾ ಕಡೆ ಒಂದೇ ಥರ ಇರ್ಬೇಕು," ಎಂದರು.

ಗುಬ್ಬಿಗೆ ತನ್ನದು ಎನ್ನುವಂಥ ಒಂದು ಸಹಿಯೂ ಇರಲಿಲ್ಲ. ಹಳೇ ಅರ್ಜಿಗಳ ಹಿಂಭಾಗದಲ್ಲಿ ಬರೆದು ಬರೆದು ನೋಡಿದಳು. ಒಂದು ಅಪ್ಪನ ಸಹಿಯ ಹಾಗೆ ಬಂತು, ಇನ್ನೊಂದು ಹೆಡ್‌ಮಿಸ್ಸಿನ ಸಹಿಯ ಹಾಗೆ ಬಂತು, ಮೂರನೆಯದು ಎರೆಹುಳ ಹೋದ ದಾರಿಯ ಹಾಗಿತ್ತು. ಕೊನೆಗೆ ಎರೆಹುಳವೇ ಸರಿ, ಅದು ಯಾರದೂ ಅಲ್ಲ ಎಂದು ಅದನ್ನೇ ಹಾಕಿದಳು.

ಮಂಗಳವಾರ ಮಧ್ಯಾಹ್ನ ಅಪ್ಪ ಪಾಠಕ್ಕೆ, ಅಮ್ಮ ಊಟಕ್ಕೆ ಹೋಗಿದ್ದಾಗ ಗುಬ್ಬಿ ಕೌಂಟರಿನಲ್ಲಿ ಕೂತಿದ್ದಳು. ಕನ್ನಡಕದಂಗಡಿಯವನು ಒಳಗೆ ಬಂದ. ಮೊಣಕೈಗೆ ಪಟ್ಟಿ ಕಟ್ಟಿತ್ತು, ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು.

"ಒಂದು ವಿಷಯ ಹೇಳ್ಬೇಕಿತ್ತು," ಎಂದ. "ಮೊನ್ನೆ ನಿಮ್ಮ ತಂದೆ ಅಷ್ಟು ಹೊಗಳಿದ್ರಲ್ಲ, ನಂಗೂ ಧೈರ್ಯ ಬಂತು. ನಿನ್ನೆ ನಮ್ಮ ಭಾವನ ಕಾರು ತೆಗೆದೆ."

"ಏನಾಯ್ತು?"

"ಕಾರಿಗೆ ಏನೂ ಆಗಿಲ್ಲ. ಗೇಟು ಇಲ್ಲ ಈಗ." ಮೊಣಕೈಯ ಪಟ್ಟಿ ಸರಿಮಾಡಿಕೊಂಡು ಮುಂದುವರಿಸಿದ. "ಅವತ್ತು ಕಾರು ನಾನು ಓಡಿಸಲಿಲ್ಲ ಅನ್ಸುತ್ತೆ. ಪೆಡಲ್ಲು ತಾನಾಗಿ ತಾನೇ ಕೆಳಗೆ ಹೋಗ್ತಿತ್ತು. ಹೊಸ ಥರದ ಕಾರಿರಬೇಕು ಅಂದ್ಕೊಂಡೆ."

"ಅದು ನಂಗಿಂತ ಎರಡು ವರ್ಷ ದೊಡ್ಡ ಕಾರು," ಎಂದು ಗುಬ್ಬಿ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ಅವನೂ ನಕ್ಕ. ನಕ್ಕ ಮೇಲೆ ಕುರ್ಚಿ ಎಳೆದುಕೊಂಡು ಕೂತ.

"ನೀವು ಯಾಕೆ ಈಗಲೇ ಮದುವೆ ಆಗ್ತಿದ್ದೀರಾ?" ಎಂದು ಅವಳು ಕೇಳಿದಳು.

"ಅಮ್ಮ ಹೇಳಿದ್ರು. ನೀವು?"

"ಅತ್ತೆ ಹೇಳಿದ್ರು."

ಇಬ್ಬರೂ ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳ ಪಟವನ್ನು ನೋಡಿದರು. ಅವನು ಮತ್ತೆ ಕೇಳಿದ: "ನೀವು ಹಾಡ್ತೀರಂತೆ?"

"ನಾನು ಹಾಡಿದ್ರೆ ಪಕ್ಕದ ಮನೆಯವರು ಕಿಟಕಿ ಹಾಕ್ಕೊತಾರೆ."

"ಮತ್ತೆ ಏನು ಇಷ್ಟ ನಿಮಗೆ?"

ಮತ್ತೆ ಅದೇ ಪ್ರಶ್ನೆ. ಉತ್ತರ ತಪ್ಪಿಸಿಕೊಳ್ಳಲು ಗುಬ್ಬಿ, "ಅದಿರ್ಲಿ. ನೀವು ಕ್ಲಚ್ ಹೇಗೆ ಬಿಡ್ತೀರಾ ಹೇಳಿ," ಎಂದಳು. ಅವನು ಗಾಳಿಯಲ್ಲಿ ಕಾಲು ಆಡಿಸಿ ತೋರಿಸಿದ. ಇವನ ಕೈಗೆ ಸಿಕ್ಕ ಗೇಟು ಉಳಿಯದಿದ್ದದ್ದು ನ್ಯಾಯವೇ ಎಂದುಕೊಂಡಳು. ಮೇಜಿನ ಕೆಳಗೆ ಮೂರು ಚಪ್ಪಲಿಗಳನ್ನು ಸಾಲಾಗಿ ಇಟ್ಟಳು. ಒಂದು ಕ್ಲಚ್ಚು, ಒಂದು ಬ್ರೇಕು, ಒಂದು ಆಕ್ಸಿಲರೇಟರು. ಊಟದ ತಟ್ಟೆ ಅವನ ಕೈಗೆ ಸ್ಟಿಯರಿಂಗ್ ಆಯಿತು. ಅವಳು ಅಭ್ಯಾಸಬಲದಿಂದ ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು.

"ಕಾಲು ನೋಡ್ಬೇಡಿ, ರಸ್ತೆ ನೋಡಿ. ಹಿಮ್ಮಡಿ ನೆಲದ ಮೇಲಿರ್ಲಿ. ಎದುರಿಗೆ ಲಾರಿ ಇಲ್ಲ, ಬರೀ ಕ್ಯಾಲೆಂಡರ್ ಇದೆ, ಹೆದರ್ಬೇಡಿ. ಉಸಿರು ಬಿಡಿ. ಈಗ ಮೆಲ್ಲಗೆ ಬಿಡಿ, ಮಲಗಿರೋ ಮಗು ಪಕ್ಕದಿಂದ ಎದ್ದು ಬರ್ತೀವಲ್ಲ, ಹಾಗೆ."

ಅರ್ಧ ಗಂಟೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಅವನ ಕತ್ತು ಸಡಿಲವಾದದ್ದನ್ನು ಗುಬ್ಬಿ ಕಣ್ಣಾರೆ ಕಂಡಳು. ಅದನ್ನು ಕಂಡಾಗ ಎದೆಯಲ್ಲಿ ಎಂಥ ಸಂತೋಷವಾಯಿತೆಂದರೆ, ಇದು ನನಗೆ ಎಷ್ಟೋ ವರ್ಷದಿಂದ ಆಗುತ್ತಲೇ ಇದೆಯಲ್ಲ ಎಂದು ಆಗ ನೆನಪಾಯಿತು.

ಅವನು ತಿರುಗಿ ನೋಡಿ, "ನಂಗೆ ಮೂರು ತಿಂಗಳು ಕಲಿಸಿದೋರು ಹೀಗೆ ಹೇಳಲೇ ಇಲ್ಲ," ಎಂದ. "ಆ ಹಾಳೆಯಲ್ಲಿ ಹವ್ಯಾಸದ ಜಾಗದಲ್ಲಿ ಇದನ್ನೇ ಬರೀಬಹುದಿತ್ತಲ್ಲ."

ಗುಬ್ಬಿ ಚಪ್ಪಲಿಗಳನ್ನು ನೋಡುತ್ತ ನಿಂತಳು. ಇಷ್ಟು ದಿನ ಹುಡುಕಿದ್ದು ಕಾಲಡಿಯಲ್ಲೇ ಬಿದ್ದಿತ್ತು.

ಹೊರಡುವಾಗ ಅವನು ಕೇಳಿದ: "ಭಾನುವಾರ ನಿಮ್ಮತ್ತೆ ಬಂದ್ರೆ ನಾನೇನು ಹೇಳ್ಲಿ?"

"ನಿಮಗನ್ಸಿದ್ದು ಹೇಳಿ. ನಂದು ನಾನು ಹೇಳ್ಕೋತೀನಿ."

"ನಂಗೆ ಮೊದಲು ಕಾರು ಕಲೀಬೇಕು ಅನ್ಸುತ್ತೆ," ಎಂದ. ಸ್ಕೂಲಿಗೆ ಸೇರುವ ಒಂದು ಅರ್ಜಿ ಫಾರಂ ಕೇಳಿ ತೆಗೆದುಕೊಂಡು ಹೋದ.

ಶುಕ್ರವಾರ ಗುಬ್ಬಿಗೆ ಹದಿನೆಂಟು ತುಂಬಿತು, ಎರೆಹುಳ ಸಹಿಯ ಲರ್ನರ್ಸ್ ಲೈಸೆನ್ಸೂ ಕೈಗೆ ಬಂತು. ಶನಿವಾರ ಮಧ್ಯಾಹ್ನ, ಬೀದಿಗಳು ಖಾಲಿ ಇರುವ ಹೊತ್ತಿನಲ್ಲಿ, ಮೇಷ್ಟ್ರು ಮಗಳನ್ನು ಮೊದಲ ಸಲ ಮುಂದಿನ ಸೀಟಿನಲ್ಲಿ ಕೂರಿಸಿದರು. ಅತ್ತೆಯ ಮನೆಯವರೆಗೆ ಹೋಗಿ, ನಾಳೆ ಎಷ್ಟು ಹೊತ್ತಿಗೆ ಹೊರಡುವುದೆಂದು ಮಾತಾಡಿಕೊಂಡು ಬರುವುದು ಎಂದು ತೀರ್ಮಾನ. ಕನ್ನಡಿ ಯಾವುದು, ಹಾರ್ನ್ ಯಾವುದು ಎಂದು ಮೇಷ್ಟ್ರು ಮೊದಲಿನಿಂದ ಪಾಠ ಒಪ್ಪಿಸಿದರು. ಗುಬ್ಬಿ ಎಲ್ಲಕ್ಕೂ ತಲೆಯಾಡಿಸಿ ಕಾರು ಹೊರಡಿಸಿದಳು.

ಕಾರು ಹೂವೆತ್ತಿದ ಹಾಗೆ ಹೊರಟಿತು. ಅವಳಿಗೆ ತಕ್ಷಣ ಗೊತ್ತಾಯಿತು. ಕಾಲಡಿಯ ಪೆಡಲ್ಲು ಅವಳು ಒತ್ತುವ ಮೊದಲೇ ಕೆಳಗೆ ಹೋಗುತ್ತಿತ್ತು, ಅವಳು ಬಿಡುವ ಮೊದಲೇ ಮೇಲೆ ಬರುತ್ತಿತ್ತು. ಮೊದಲ ತಿರುವು ದಾಟಿದ ಮೇಲೆ ಕಾರನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದಳು.

"ಅಪ್ಪ, ಈಗ ಕಾರು ಯಾರು ಓಡಿಸ್ತಿದ್ದಿದ್ದು?"

"ನೀನೇ. ಚೆನ್ನಾಗಿ ಓಡಿಸ್ತಿದ್ದೆ. ಯಾಕೆ ನಿಲ್ಸಿದೆ?"

"ನಿನ್ನ ಕಾಲು ನೋಡ್ಕೋ."

ಮೇಷ್ಟ್ರು ಬಗ್ಗಿ ನೋಡಿದರು. ಕಾರು ನಿಂತಿತ್ತು, ಎಂಜಿನ್ನೂ ಆರಿತ್ತು, ಆದರೂ ಅವರ ಎರಡೂ ಕಾಲುಗಳು ಪೆಡಲ್ಲುಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದವು. ಮೇಷ್ಟ್ರು ಕಾಲು ತೆಗೆದರು. ಗುಬ್ಬಿ ನೋಡುತ್ತಿದ್ದ ಹಾಗೆಯೇ ಅವು ಮತ್ತೆ ಹೋಗಿ ಕೂತವು. ಮೇಷ್ಟ್ರು ಪರರ ಕಾಲು ನೋಡುವ ಹಾಗೆ ಅವನ್ನು ನೋಡಿದರು.

"ಹಾಗಾದ್ರೆ ಆ ಹುಡುಗ..." ಎಂದರು.

"ಆ ಹುಡುಗ ಕಾಲು ನೆಲದ ಮೇಲಿಟ್ಕೊಂಡು ಕೂತಿದ್ದ. ಓಡಿಸಿದ್ದು ನೀನು. ಮರುದಿನ ಅವರ ಭಾವನ ಗೇಟು ಮುರಿದು ಬಂದ. ಒಳ್ಳೆಯವನೇ ಅಪ್ಪ, ನಂಗೆ ಅವನ ಮೇಲೆ ಕೋಪ ಇಲ್ಲ. ಆದ್ರೆ ನೀನು ಮೆಚ್ಕೊಂಡಿದ್ದು ಅವನನ್ನಲ್ಲ, ನಿನ್ನನ್ನೇ."

ಇಪ್ಪತ್ತಾರು ವರ್ಷದಲ್ಲಿ ತಾವು ಪಾಸು ಮಾಡಿಸಿದವರೆಲ್ಲ ಒಬ್ಬೊಬ್ಬರಾಗಿ ಮೇಷ್ಟ್ರ ಕಣ್ಣ ಮುಂದೆ ಬಂದು, ಒಬ್ಬೊಬ್ಬರ ಗೇಟಿನ ಚಿಂತೆಯೂ ಹತ್ತಿಕೊಂಡಿತು.

"ನಂಗೆ ಏನು ಬೇಕು ಅಂತ ಪೂರ್ತಿ ಗೊತ್ತಿಲ್ಲಪ್ಪ," ಎಂದಳು ಗುಬ್ಬಿ. "ಕಲಿಸೋದು ಇಷ್ಟ ಅಂತ ಮೊನ್ನೆ ಗೊತ್ತಾಯ್ತು. ಇನ್ನೂ ಏನೇನಿದೆಯೋ, ನಾನೇ ಓಡಿಸಿ ನೋಡ್ಬೇಕು. ನಾಳೆ ಹೂಂ ಅಂದ್ರೆ ಗೊತ್ತಾಗೋದೇ ಇಲ್ಲ. ನಂಗೆ ಭಯ ಆಗ್ತಿದೆ."

ಮೇಷ್ಟ್ರು ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಬೂಟುಗಳನ್ನು ಹಿಂದಿನ ಸೀಟಿನ ಮೇಲಿಟ್ಟು, ಎರಡೂ ಕಾಲುಗಳನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು.

"ನಡಿ," ಎಂದರು.

ಗುಬ್ಬಿ ಎಂಜಿನ್ ಶುರು ಮಾಡಿ ಕ್ಲಚ್ ಬಿಟ್ಟಳು. ಕಾರು ಬಿಕ್ಕಳಿಸಿ ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಹಿಂದಿನಿಂದ ಒಬ್ಬ ಮುದುಕ ಸೈಕಲ್ಲಿನಲ್ಲಿ ಬಂದು, ಇಬ್ಬರನ್ನೂ ಕನಿಕರದಿಂದ ನೋಡಿ ಮುಂದೆ ಹೋದ. ಮೇಷ್ಟ್ರು ಎರಡೂ ಕೈಯಲ್ಲಿ ಮಂಡಿಗಳನ್ನು ಅದುಮಿ ಹಿಡಿದಿದ್ದರು. ಹೆಬ್ಬೆರಳು ಮಾತ್ರ ಗಾಳಿಯನ್ನೇ ಒತ್ತುತ್ತಿತ್ತು. ಗುಬ್ಬಿ ತನಗೆ ತಾನೇ, "ಮೊದಲು ಉಸಿರು ಬಿಡು," ಎಂದು ಹೇಳಿಕೊಂಡಳು. ಉಸಿರು ಬಿಟ್ಟಳು. ಕಾರು ಹೂವೆತ್ತಿದ ಹಾಗೇನೂ ಹೊರಡಲಿಲ್ಲ, ಮುಗ್ಗರಿಸಿಕೊಂಡೇ ಹೊರಟಿತು, ಆದರೆ ಹೊರಟಿತು.

ಎರಡು ಬೀದಿ ದಾಟುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತು. ಮೂರನೇ ಬೀದಿಗೆ ತಿರುಗಿದಾಗ, ದೂರದಲ್ಲಿ ಅತ್ತೆ ಗೇಟಿನ ಬಳಿ ನಿಂತು ಆ ಲ್ಯಾಮಿನೇಟ್ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದದ್ದು ಕಾಣಿಸಿತು. ತಮ್ಮನು ಕಾರಿನೊಳಗೆ ಊಟಕ್ಕೆ ಕೂತವನ ಹಾಗೆ ಕೂತು ಬರುತ್ತಿರುವುದನ್ನು ಕಂಡು ಅತ್ತೆಯ ಕೈ ಅಲ್ಲೇ ನಿಂತಿತು.

"ನೀನು ಸುಮ್ನಿರು, ಅತ್ತೆಗೆ ನಾನು ಹೇಳ್ತೀನಿ," ಎಂದು ಮೇಷ್ಟ್ರು ಒಂದು ಕಾಲು ಕೆಳಗಿಳಿಸಿದರು.

"ಬೇಡಪ್ಪ, ನಾನೇ ಹೇಳ್ತೀನಿ," ಎಂದಳು ಗುಬ್ಬಿ, ರಸ್ತೆಯಿಂದ ಕಣ್ಣು ತೆಗೆಯದೆ. "ನೀನು ಕಾಲು ಮೇಲೇ ಇಟ್ಕೊಂಡಿರು."